381 ದಿನ ಬಸ್ ಹತ್ತದೆ ಊರು ನಡೆಸೋದು ಹೇಗೆ? 9ನೇ ಕ್ಲಾಸಿಗೆ ಒಂದು ಪಾಠ

ಅಮೆರಿಕದ ಕಪ್ಪು ಜನರ ಹೋರಾಟ ಅಂದರೆ ನಾವು ಮೇಷ್ಟ್ರುಗಳಿಗೆ ಥಟ್ಟನೆ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್ ಅವರ 1963ರ ಭಾಷಣ. ಸಕಲೇಶಪುರದ ಹತ್ತಿರ ನಮ್ಮ ಹೈಸ್ಕೂಲಲ್ಲಿ ಮೊದಲ ವರ್ಷ ನಾನೂ ಅದರ ವಿಡಿಯೋ ಹಾಕಿದ್ದೆ. ಮಕ್ಕಳು ಚಪ್ಪಾಳೆ ಹೊಡೆದರು. ಮಾರನೇ ದಿನ ಏನಾಯ್ತು ಅಂತ ಕೇಳಿದರೆ, "ದೊಡ್ಡ ಭಾಷಣ ಮಾಡಿದ್ರು, ಎಲ್ಲಾ ಸರಿ ಹೋಯ್ತು ಸಾರ್" ಅಂದರು.

ಈಗ ಬಸ್ಸಿನಿಂದ, ಕಪ್ಪು ಜನ 381 ದಿನ ಬಸ್ ಹತ್ತದೆ ಹೋರಾಡಿದ ಕತೆಯಿಂದ ಶುರು ಮಾಡುತ್ತೇನೆ. ಎರಡು ಪೀರಿಯಡ್, ಒಂದು ಸೀಮೆಸುಣ್ಣ ಸಾಕು.

ನೆಲದ ಮೇಲೆ ಬಸ್ ಬರೆಯಿರಿ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿ ಊರಿನದು. ಮುಂದಿನ 10 ಸೀಟು ಬಿಳಿಯರಿಗೆ. ಕಪ್ಪು ಜನ ಎಷ್ಟೋ ಸಲ ಮುಂದೆ ಹತ್ತಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಓಡಬೇಕು, ಅಷ್ಟರಲ್ಲಿ ಡ್ರೈವರ್ ಬಸ್ ಬಿಟ್ಟರೂ ಬಿಟ್ಟ. ಆದರೆ ಮಕ್ಕಳನ್ನು ಬಣ್ಣ ನೋಡಿ ಕೂರಿಸಿ ನಾಟಕ ಆಡಿಸಬೇಡಿ. ಕ್ಲಾಸಲ್ಲಿ ಒಬ್ಬ ಹುಡುಗನಿಗೆ ಆಗಲೇ 'ಕರಿಯ' ಅನ್ನೋ ಅಡ್ಡಹೆಸರು ಇದ್ದೇ ಇರುತ್ತೆ, ಅಲ್ವಾ? ಹಳೇ ಪುಸ್ತಕಗಳ 'ನೀಗ್ರೋ' ಪದವನ್ನು ಈಗ ಯಾಕೆ ಬಳಸಲ್ಲ ಅಂತಲೂ ಇಲ್ಲೇ ಹೇಳಿಬಿಡಿ.

ಆಮೇಲೆ ರೋಸಾ ಪಾರ್ಕ್ಸ್. 1955ರ ಡಿಸೆಂಬರ್ 1ರಂದು ಬಿಳಿಯನಿಗೆ ಸೀಟು ಬಿಡಲಿಲ್ಲ, ಅರೆಸ್ಟ್ ಆದರು. ಕಾಲು ನೋವಿತ್ತು ಅಂತ ಸುಮ್ನೆ ಕೂತವರಲ್ಲ, ಎಷ್ಟೋ ವರ್ಷಗಳಿಂದ ಸಂಘಟನೆಯಲ್ಲಿ ಇದ್ದವರು. ಒಂಬತ್ತು ತಿಂಗಳ ಮೊದಲೇ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಕೂಡ ಹೀಗೇ ಅರೆಸ್ಟ್ ಆಗಿದ್ದಳು. ನಮ್ಮ ಹುಡುಗಿಯರು ನೆಟ್ಟಗೆ ಕೂರುವುದು ಈ ಹೆಸರಿಗೆ.

ಈಗ ಲೆಕ್ಕ ಕೊಡಿ. ನಾಳೆಯಿಂದ ಆ ಊರಿನ ಕಪ್ಪು ಜನರ ಹಾಗೆ ಬಸ್ ಹತ್ತಬಾರದು, 381 ದಿನ. ಕೆಲಸಕ್ಕೆ ಹೋಗಲೇಬೇಕು. ಏನು ಮಾಡ್ತೀರಿ? ಗುಂಪಲ್ಲಿ ಕೂತು ಬರೆಯಲಿ. ನಮ್ಮ ಕಡೆ ಮಕ್ಕಳು ಮೊದಲು ಬರೆಯುವುದೇ ಜೀಪು, ತೋಟಕ್ಕೆ ಆಳು ಒಯ್ಯುವ ಪಿಕಪ್. ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಹುಡುಗ ಒಬ್ಬ ಕೇಳಿದ: "ಡೀಸೆಲ್ ದುಡ್ಡು ಯಾರ್ ಕೊಡ್ತಾರೆ ಸಾರ್? ನಾಳೆ ಬಸ್ ಇಲ್ಲ ಅಂತ ಎಲ್ರಿಗೂ ಹೇಳೋರ್ ಯಾರು?"

ಪಾಠ ಇರುವುದೇ ಅಲ್ಲಿ. ಜೋ ಆನ್ ರಾಬಿನ್ಸನ್ ಅಂತ ಕಾಲೇಜು ಮೇಡಂ, ಪಾರ್ಕ್ಸ್ ಅರೆಸ್ಟ್ ಆದ ರಾತ್ರಿಯೇ ನಿದ್ದೆಗೆಟ್ಟು ಸಾವಿರಾರು ಕರಪತ್ರ ಸೈಕ್ಲೋಸ್ಟೈಲ್ ಮಾಡಿದರು. ಟ್ಯಾಕ್ಸಿಯವರು ಬಸ್ ಚಾರ್ಜಿನಷ್ಟೇ, 10 ಸೆಂಟ್ ತಗೊಂಡರು. ನಗರಾಡಳಿತ ಅದಕ್ಕೆ ಅಡ್ಡ ಬಂದಾಗ ಜನ ತಮ್ಮ ಕಾರುಗಳನ್ನೇ ಬಿಟ್ಟರು, ಚರ್ಚುಗಳಲ್ಲಿ ಚಂದಾ ಎತ್ತಿದರು, ಉಳಿದವರು ನಡೆದರು. ಈ ಹೋರಾಟದ ಮುಂದಾಳು ಕಿಂಗ್, ಶುರುವಾದಾಗ 26ರ ಹುಡುಗ, ಆಮೇಲೆ ಅವರ ಮನೆಗೆ ಬಾಂಬ್ ಬಿತ್ತು. ಬಸ್ಸಿನ ಈ ಭೇದದ ವಿರುದ್ಧ 1956ರಲ್ಲಿ ಸುಪ್ರೀಂ ಕೋರ್ಟಲ್ಲಿ ಗೆದ್ದ ಕೇಸು ಪಾರ್ಕ್ಸ್ ಹಾಕಿದ್ದಲ್ಲ. ಹಾಕಿದ್ದು ನಾಲ್ವರು ಹೆಂಗಸರು, ಅವರಲ್ಲಿ ಕಾಲ್ವಿನ್ ಒಬ್ಬಳು.

ಎರಡನೇ ಪೀರಿಯಡ್ಡಲ್ಲಿ ನಮ್ಮ ಕಡೆಗೆ ಬನ್ನಿ. 1873ರಲ್ಲಿ ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮಗಿರಿ ತೊಲಗಿಸಿದ ಅಮೆರಿಕನ್ನರಿಗೆ. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್‌ಗೆ ಕಾಗದ ಬರೆದರು. 1972ರಲ್ಲಿ ಮುಂಬೈಯ ದಲಿತ್ ಪ್ಯಾಂಥರ್ಸ್ ಹೆಸರು ತಗೊಂಡಿದ್ದೇ ಅಮೆರಿಕದ ಕಪ್ಪು ಜನರ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಹೋಟೆಲಿನ ಬೇರೆ ಲೋಟದ ಮಾತು ಬಂದೇ ಬರುತ್ತೆ, ಬರಲಿ. ಆದರೆ ಯಾವ ಮಗುವಿಗೂ "ನಿಮ್ಮನೇಲಿ ಏನಾಗಿತ್ತು ಹೇಳು" ಅಂತ ಎಲ್ಲರೆದುರು ಕೇಳಬೇಡಿ. ಹೇಳಬೇಕು ಅನಿಸಿದವರು ಬರೆದು ಕೊಡಲಿ, ನೀವೊಬ್ಬರೇ ಓದಿ.

ಕೊನೆಗೆ ಹತ್ತು ನಿಮಿಷ ಉಳಿದು, ಕರೆಂಟೂ ಇದ್ದರೆ, ಕಿಂಗ್ ವಿಡಿಯೋ ಹಾಕಿ.