ಸಂವಿಧಾನ ಕೊಟ್ಟ ಗಡುವು ಮುಗಿಯುತ್ತಿದೆ, ವಿಸ್ತರಿಸುವುದು ಹೇಗೆ?

ಕಾನೂನು ಕಾಲೇಜುಗಳ ಅಣಕು ಸಂಸತ್ತಿಗೆ ಕೆನ್ಯಾದ ಭೂ ಕಾಯ್ದೆಗಳ ಗಡುವು ವಿಸ್ತರಿಸುವ ವಿಷಯ ಕೊಟ್ಟು ನೋಡಿ. ಹುಡುಗರು ಭಾಷಣ ಸೊಗಸಾಗಿ ಮಾಡುತ್ತಾರೆ, ಮೇಜು ಕುಟ್ಟುತ್ತಾರೆ, ಸಭಾತ್ಯಾಗವನ್ನೂ ಮಾಡುತ್ತಾರೆ. ಮತ ಎಣಿಸುವ ಹೊತ್ತಿಗೆ ಮುಗ್ಗರಿಸುತ್ತಾರೆ. ಗೆದ್ದೆವು ಅಂತ ಚಪ್ಪಾಳೆ ತಟ್ಟುವ ತಂಡ ಲೆಕ್ಕದಲ್ಲಿ ಸೋತಿರುತ್ತದೆ. ಅದಕ್ಕೇ ಈ ಬರಹ.

ಹಿನ್ನೆಲೆ ಚಿಕ್ಕದು. ಕೆನ್ಯಾದ ಹೊಸ ಸಂವಿಧಾನ ಜಾರಿಗೆ ಬಂದದ್ದು 2010ರ ಆಗಸ್ಟ್ 27ರಂದು. ಯಾವ್ಯಾವ ಕಾಯ್ದೆ ಮಾಡಬೇಕು ಅನ್ನುವುದರ ಜೊತೆಗೆ ಎಷ್ಟು ದಿನದೊಳಗೆ ಮಾಡಬೇಕು ಅಂತಲೂ ಅದು ಪಟ್ಟಿ ಹಾಕಿತು. ನಮ್ಮ ಸಂವಿಧಾನದ 45ನೇ ವಿಧಿಯಲ್ಲೂ ಮಕ್ಕಳಿಗೆ ಉಚಿತ ಶಿಕ್ಷಣ ಕೊಡಲು 10 ವರ್ಷದ ಗಡುವು ಇತ್ತು. ಅದು ದಾಟಿದರೂ ಯಾರ ಕುರ್ಚಿಯೂ ಅಲುಗಲಿಲ್ಲ. ಕೆನ್ಯಾದಲ್ಲಿ ಹಾಗಲ್ಲ, ಗಡುವು ದಾಟಿದರೆ ಸಂಸತ್ತೇ ವಿಸರ್ಜನೆಯಾಗುವ ದಾರಿ ಇದೆ.

ಹೆಜ್ಜೆ 1: ನಿಮ್ಮ ಕಾಯ್ದೆ ಯಾವ ಸಾಲಿನಲ್ಲಿದೆ ನೋಡಿ. ಪಟ್ಟಿ ಇರುವುದು 5ನೇ ಷೆಡ್ಯೂಲ್‌ನಲ್ಲಿ. ಭೂಮಿ ಕುರಿತ ಸಾಮಾನ್ಯ ಕಾಯ್ದೆಗಳಿಗೆ (68ನೇ ವಿಧಿ) 18 ತಿಂಗಳು. ಸಮುದಾಯ ಭೂಮಿಗೆ (63ನೇ ವಿಧಿ) 5 ವರ್ಷ. ಭೂ ಬಳಕೆಯ ನಿಯಂತ್ರಣಕ್ಕೆ (66ನೇ ವಿಧಿ) 5 ವರ್ಷ. ಪ್ರತಿ ಸಾಲೂ ಬೇರೆ ವಿಷಯ. ಒಂದಕ್ಕೆ ಸಿಕ್ಕ ವಿಸ್ತರಣೆ ಇನ್ನೊಂದಕ್ಕೆ ಬರುವುದಿಲ್ಲ. 'ಭೂ ಸುಧಾರಣೆಗೆ ಒಂದು ವರ್ಷ ಕೊಡಿ' ಅಂತ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಬರೆಯಬೇಡಿ. ಯಾವ ವಿಧಿ, ಯಾವ ಮಸೂದೆ ಅಂತ ಬಿಡಿಬಿಡಿಯಾಗಿ ಬರೆಯಿರಿ.

ಹೆಜ್ಜೆ 2: ಸ್ಪೀಕರ್ ದೃಢೀಕರಣ. ವಿಸ್ತರಣೆಗೆ ದಾರಿ 261ನೇ ವಿಧಿ. 'ಅಸಾಧಾರಣ ಸಂದರ್ಭ' ಇದೆ ಅಂತ ನ್ಯಾಷನಲ್ ಅಸೆಂಬ್ಲಿಯ (ನಮ್ಮ ಲೋಕಸಭೆಯಂಥ ಸದನ) ಸ್ಪೀಕರ್ ದೃಢೀಕರಿಸಬೇಕು. ಸುಮ್ನೆ 'ಸಮಯ ಸಾಲಲಿಲ್ಲ' ಅಂದರೆ ಅದರಲ್ಲಿ ಅಸಾಧಾರಣ ಏನಿದೆ? ಮಸೂದೆ ಯಾವ ಹಂತದಲ್ಲಿದೆ, ಜನರ ಅಹವಾಲು ಕೇಳುವುದು ಎಲ್ಲಿಗೆ ಬಂದಿದೆ ಅಂತ ಬರೆದು ಕೊಡಿ. ಇನ್ನೊಂದು ಮಾತು: ಗಡುವು ವಿಸ್ತರಿಸುವುದು ನ್ಯಾಷನಲ್ ಅಸೆಂಬ್ಲಿ ಮಾತ್ರ. ಮೇಲ್ಮನೆಯಾದ ಸೆನೆಟ್‌ಗೆ ಓಡಬೇಡಿ. ಮಸೂದೆ ಪಾಸಾಗಲು ಸೆನೆಟ್ ಬೇಕಾಗಬಹುದು, ಅದು ಬೇರೆ ಮಾತು.

ಹೆಜ್ಜೆ 3: ಎಷ್ಟು ದಿನ ಕೇಳಬೇಕು? ಮಿತಿ ಒಂದು ವರ್ಷ. ಒಂದು ವಿಷಯಕ್ಕೆ ಒಂದೇ ಸಲ. ನಮ್ಮಲ್ಲಿ ಶಾಸನಸಭೆಗಳ ಮೀಸಲು ಸ್ಥಾನಗಳ ಕುರಿತ 334ನೇ ವಿಧಿಯ ಗಡುವನ್ನು ತಿದ್ದುಪಡಿ ಮಾಡಿ ಮಾಡಿ ಹತ್ತತ್ತು ವರ್ಷ ಮುಂದಕ್ಕೆ ಹಾಕಿದ್ದನ್ನು ನೋಡಿದವರಿಗೆ ಈ 'ಒಂದೇ ಸಲ' ತಲೆಗೆ ಹೋಗುವುದಿಲ್ಲ. 60 ದಿನ ತೆಗೆದುಕೊಂಡರೆ ಉಳಿದ 10 ತಿಂಗಳು ಹೋಯಿತು, ಮತ್ತೆ ಕೇಳುವಂತಿಲ್ಲ.

2012ರಲ್ಲಿ ಆದದ್ದು ಅದೇ. 18 ತಿಂಗಳು ಫೆಬ್ರವರಿ ಕೊನೆಗೆ ಮುಗಿಯಿತು. ಸದನ 60 ದಿನ ವಿಸ್ತರಿಸಿತು. ಭೂ ಕಾಯ್ದೆ, ಭೂ ನೋಂದಣಿ ಕಾಯ್ದೆ, ರಾಷ್ಟ್ರೀಯ ಭೂ ಆಯೋಗ ಕಾಯ್ದೆ, ಈ ಮೂರಕ್ಕೂ ಏಪ್ರಿಲ್ 27ರಂದು ಸಹಿ ಬಿತ್ತು. ಆದರೆ ಒಬ್ಬರ ಹತ್ತಿರ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಜಮೀನು ಇರಬಹುದು ಅನ್ನುವ ಕಷ್ಟದ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಒಂದು ವರ್ಷದೊಳಗೆ ಅಧ್ಯಯನಕ್ಕೆ ಏರ್ಪಾಡು ಮಾಡಿ ಅಂತ ಭೂ ಕಾಯ್ದೆಯ 159ನೇ ಸೆಕ್ಷನ್‌ನಲ್ಲಿ ಬರೆದು ಮುಂದಕ್ಕೆ ತಳ್ಳಿದರು. ನನ್ನ ಸಲಹೆ ಖಡಾಖಂಡಿತ: ಪೂರ್ತಿ ವರ್ಷ ಕೇಳಿ. ಬೇಗ ಮುಗಿದರೆ ಬೇಡ ಅನ್ನುವವರು ಯಾರೂ ಇಲ್ಲ.

ಹೆಜ್ಜೆ 4: ಮತ. ಎಲ್ಲರೂ ಎಡವುವ ಜಾಗ ಇದು, ನಿಧಾನ ಓದಿ.

261ನೇ ವಿಧಿ ಕೇಳುವುದು ಸದನದ *ಎಲ್ಲ* ಸದಸ್ಯರ ಮೂರನೇ ಎರಡರಷ್ಟು ಮತ. ಹಾಜರಿದ್ದವರ ಲೆಕ್ಕ ಇಲ್ಲಿ ಬರುವುದೇ ಇಲ್ಲ. ನಮ್ಮ ಹುಡುಗರು ತಪ್ಪುವುದಕ್ಕೆ ಕಾರಣ ಸಂವಿಧಾನ ತಿದ್ದುಪಡಿಯ ನಮ್ಮ 368ನೇ ವಿಧಿ. ಅಲ್ಲಿ ಒಟ್ಟು ಸದಸ್ಯರ ಬಹುಮತ ಒಂದು, ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಇನ್ನೊಂದು. ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದು ನೈರೋಬಿಗೂ ಅಂಟಿಸುತ್ತಾರೆ. ಪರೀಕ್ಷೆಗೆ ಎರಡು ದಿನ ಇರುವಾಗ ಕೊಳ್ಳುವ ತೆಳ್ಳನೆ ಗೈಡ್‌ಗಳಲ್ಲೂ ಇದೇ ತಪ್ಪು ಅಚ್ಚಾಗಿರುತ್ತದೆ. ಅವನ್ನು ಪಕ್ಕಕ್ಕಿಡಿ. 261ನೇ ವಿಧಿಯ ಮೂಲ ಪಠ್ಯ ಒಂದು ಪುಟವೂ ಇಲ್ಲ, ಅದನ್ನೇ ಓದಿ.

ಲೆಕ್ಕ ಹೀಗೆ. 2013ರಿಂದ ಈಚೆಗಿನ ನ್ಯಾಷನಲ್ ಅಸೆಂಬ್ಲಿಯಲ್ಲಿ ಕ್ಷೇತ್ರಗಳಿಂದ ಬಂದವರು 290, ಕೌಂಟಿಗೊಬ್ಬರಂತೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮಹಿಳೆಯರು 47, ನಾಮಕರಣಗೊಂಡವರು 12. ಒಟ್ಟು 349. ಸ್ಪೀಕರ್‌ಗೆ ಮತವಿಲ್ಲ. ಮೂರನೇ ಎರಡು ಅಂದರೆ 233. ಸದನದಲ್ಲಿ 250 ಜನ ಇದ್ದಾರೆ, 200 ಜನ 'ಹೌದು', 50 ಜನ 'ಇಲ್ಲ' ಅಂದರು ಅನ್ನಿ. ನಮ್ಮ ತಂಡ ಸಿಹಿ ಹಂಚುತ್ತದೆ. ನಿಜದಲ್ಲಿ ಇನ್ನೂ 33 ಮತ ಕಡಿಮೆ. ಕ್ಯಾಂಟೀನ್‌ನಲ್ಲಿ ಚಹಾ ಕುಡಿಯುತ್ತಿರುವವರು, ಊರಿಗೆ ಹೋದವರು, ತಟಸ್ಥರು, ಎಲ್ಲರೂ ಪರಿಣಾಮದಲ್ಲಿ 'ಇಲ್ಲ' ಅಂದ ಹಾಗೇ. ವಿರೋಧ ಇಲ್ಲದಿದ್ದರೂ ಸೋಲಬಹುದು.

ಇದು ಬರೀ ಕಾಗದದ ಲೆಕ್ಕ ಅಲ್ಲ. 2016ರಲ್ಲಿ ಲಿಂಗ ಪ್ರಾತಿನಿಧ್ಯದ (ಸಂಸತ್ತಿನಲ್ಲಿ ಮಹಿಳೆಯರ ಪಾಲು ಖಾತ್ರಿ ಮಾಡುವ) ತಿದ್ದುಪಡಿ ಮಸೂದೆಗೂ ಇದೇ 233 ಬೇಕಿತ್ತು. ಪರವಾಗಿ 195 ಮತ ಬಂದವು. ವಿರೋಧಿಸಿದವರಿಗಿಂತ ಎಷ್ಟೋ ಜಾಸ್ತಿ. ಮಸೂದೆ ಬಿತ್ತು, ಕೊರತೆ 38.

ಹಾಗಾಗಿ ಧ್ವನಿಮತ ನೆಚ್ಚಬೇಡಿ, ತಲೆ ಎಣಿಸಿ. ಎಣಿಸುವುದು ಭಾಷಣಕ್ಕೆ ಮೊದಲು. ವಿಪ್‌ಗಳ ಕೈಗೆ ಹೆಸರಿನ ಪಟ್ಟಿ ಕೊಡಿ. ಸದನದಲ್ಲಿ 233 ಜನ ಕಾಣದಿದ್ದರೆ ಮತಕ್ಕೆ ಹಾಕುವುದನ್ನು ಮುಂದೂಡಲು ಕೇಳಿ. ಗಡುವಿನ ಕೊನೆಯ ದಿನಕ್ಕೆ ನಿರ್ಣಯ ತಂದವರಿಗೆ ಆ ಅವಕಾಶವೂ ಇರುವುದಿಲ್ಲ.

ಹೆಜ್ಜೆ 5: ಸಿಕ್ಕ ಸಮಯದಲ್ಲಿ ಕಾಯ್ದೆ ಮಾಡಿ. ಹೇಳುವುದು ಸುಲಭ. 2015ರ ಆಗಸ್ಟ್‌ನಲ್ಲಿ ಸಮುದಾಯ ಭೂಮಿಗೆ ಪೂರ್ತಿ ಒಂದು ವರ್ಷ ಸಿಕ್ಕಿತು. ತುರ್ಕಾನಾ, ಮಾರ್ಸಬಿಟ್, ಸಂಬುರು ಕಡೆ ದನ, ಒಂಟೆ ಮೇಯಿಸುವವರ ಹುಲ್ಲುಗಾವಲು ಯಾರೊಬ್ಬರ ಹೆಸರಲ್ಲೂ ಇರುವುದಿಲ್ಲ. ನೋಂದಣಿಯಾಗದ ಇಂಥ ಭೂಮಿಯನ್ನು ಜನರ ಪರವಾಗಿ ಇಟ್ಟುಕೊಂಡಿರುವುದು ಕೌಂಟಿ ಸರ್ಕಾರ. ಆ ಜನ ತಮ್ಮ ಹೆಸರಲ್ಲೇ ನೋಂದಣಿ ಮಾಡಿಸಿಕೊಳ್ಳುವ ಕಾಯ್ದೆ ಇದು. ಹೊಸ ಗಡುವು 2016ರ ಆಗಸ್ಟ್ 27. ಅಧ್ಯಕ್ಷರ ಸಹಿ ಬಿದ್ದದ್ದು ಆಗಸ್ಟ್ 31ಕ್ಕೆ! ಸಹಿಗೆ ಬೇಕಾಗುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ ಅನ್ನುವುದು ಇದಕ್ಕೇ.

ತಪ್ಪಿದರೆ? ಯಾರು ಬೇಕಾದರೂ ಹೈಕೋರ್ಟ್‌ಗೆ ಹೋಗಬಹುದು. ಇಷ್ಟು ದಿನದೊಳಗೆ ಕಾಯ್ದೆ ಮಾಡಿ ಅಂತ ಕೋರ್ಟ್ ಆದೇಶಿಸಬಹುದು. ಅದನ್ನೂ ಮೀರಿದರೆ ಮುಖ್ಯ ನ್ಯಾಯಮೂರ್ತಿ ಸಂಸತ್ತು ವಿಸರ್ಜಿಸಲು ಅಧ್ಯಕ್ಷರಿಗೆ ಸಲಹೆ ಕೊಡಬೇಕು. ಭೂ ಕಾಯ್ದೆಗಳ ವಿಚಾರ ಅಲ್ಲಿಯವರೆಗೆ ಹೋಗಲಿಲ್ಲ. ಲಿಂಗ ಪ್ರಾತಿನಿಧ್ಯದ ವಿಚಾರ ಹೋಯಿತು: 2020ರ ಸೆಪ್ಟೆಂಬರ್ 21ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಆ ಸಲಹೆ ಕೊಟ್ಟೇಬಿಟ್ಟರು. ಮೂರೇ ದಿನಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ವಿಸರ್ಜನೆ ಆಗಿಬಿಟ್ಟಿದ್ದರೆ ಹೊಸ ಸಂಸತ್ತಿಗೆ 5ನೇ ಷೆಡ್ಯೂಲ್‌ನ ಅದೇ ಅವಧಿ ಮೊದಲ ದಿನದಿಂದ ಮತ್ತೆ ಶುರುವಾಗುತ್ತಿತ್ತು.