ಆಧಾರ್ ಖಾನೆಯಲ್ಲಿ ಓಡಿಹೋಗುತ್ತಿದ್ದ ಕರ್ಸರ್

ಒಂದು ಪತ್ತಿನ ಸಹಕಾರ ಸಂಘಕ್ಕೆ ಸಾಲದ ಅರ್ಜಿಯ ವೆಬ್ ಫಾರ್ಮ್ ಮಾಡಿಕೊಟ್ಟಿದ್ದೆ. ಆಧಾರ್ ಕಾರ್ಡಿನಲ್ಲಿ 12 ಅಂಕಿಗಳು ನಾಲ್ಕು ನಾಲ್ಕಾಗಿ ಬಿಡಿಸಿ ಇರುತ್ತವೆ ಅಲ್ವಾ? ಟೈಪ್ ಮಾಡುತ್ತಿದ್ದ ಹಾಗೇ ಪರದೆಯ ಮೇಲೂ ಹಾಗೇ ಬಿಡಿಬಿಡಿಯಾಗಿ ಕಂಡರೆ ಕಾರ್ಡ್ ನೋಡಿ ತಾಳೆ ಹಾಕುವುದು ಸುಲಭ. ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ತೆಗೆಯುವುದು, ನಾಲ್ಕಕ್ಕೊಂದು ಸ್ಪೇಸ್ ಸೇರಿಸುವುದು, ಖಾನೆಗೆ ವಾಪಸ್ ಬರೆಯುವುದು. ನಾಲ್ಕು ಸಾಲಿನ ಕೋಡ್. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡಿತು.

ವಾರದ ನಂತರ ಸಂಘದ ಗುಮಾಸ್ತೆ ಫೋನ್ ಮಾಡಿದರು. "ಅಣ್ಣಾ, ನಂಬರ್ ಸರಿಯಾಗೇ ಹೊಡೀತೀನಿ, ಆದ್ರೂ ತಪ್ಪು ಅಂತ ಕೆಂಪಗೆ ಬರುತ್ತೆ" ಎಂದರು. ಹೋಗಿ ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ.

ಆಗಿದ್ದು ಇಷ್ಟು. ಅವರು ಹೊಡೆಯಬೇಕಿದ್ದದ್ದು 1234 5678 9012 ಎಂದುಕೊಳ್ಳಿ. (ಆಧಾರ್ 0 ಅಥವಾ 1ರಿಂದ ಶುರುವಾಗುವುದಿಲ್ಲ, ಹಾಗಾಗಿ ಇದು ಯಾರ ನಂಬರೂ ಅಲ್ಲ.) ಅವಸರದಲ್ಲಿ 5 ಮತ್ತು 6 ಬಿಟ್ಟುಹೋಗಿ 1234 7890 12 ಎಂದಾಗಿತ್ತು. 4ರ ಪಕ್ಕ ಕ್ಲಿಕ್ ಮಾಡಿ 5 ಒತ್ತಿದರು. ನನ್ನ ಕೋಡ್ ಖಾನೆಯನ್ನು ಹೊಸದಾಗಿ ಬರೆದ ಕೂಡಲೇ ಕರ್ಸರ್ ಕೊನೆಗೆ ಹಾರಿತು. ಕಣ್ಣು ಕಾರ್ಡಿನ ಮೇಲಿತ್ತು, 6 ಕೊನೆಗೆ ಹೋಗಿ ಬಿತ್ತು. ಪರದೆಯ ಮೇಲೆ 1234 5789 0126. ಎಣಿಸಿದರೆ ಸರಿಯಾಗಿ 12 ಅಂಕಿ! ಆಧಾರ್‌ನ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಹಾಕಿದ್ದು, ಆ ತಾಳೆ ಸರಿಬರದೆ ಅರ್ಜಿ ನಿಂತಿತ್ತು. ಅವರು ಮಾತ್ರ ತಮ್ಮದೇ ತಪ್ಪು ಅಂದುಕೊಂಡು ಒಂದು ವಾರ ಒದ್ದಾಡಿದ್ದರು. ನನಗೆ ತುಂಬಾ ಬೇಜಾರಾಯಿತು.

ಮೊದಲು ಹೊಳೆದ ಉಪಾಯ, ಕರ್ಸರ್ ಎಷ್ಟನೇ ಅಕ್ಷರದ ಬಳಿ ಇತ್ತೋ ಅಲ್ಲಿಗೇ ವಾಪಸ್ ಕೂರಿಸುವುದು. ಅದೂ ಸಾಲಲಿಲ್ಲ. 5 ಒತ್ತಿದಾಗ ಕರ್ಸರ್ ಐದನೇ ಅಕ್ಷರದ ನಂತರ ಇರುತ್ತದೆ. ಆದರೆ ನಡುವೆ ಸ್ಪೇಸ್ ಬಂದು ಕೂತ ಮೇಲೆ ಅದೇ ಜಾಗ 5ರ ಹಿಂದಕ್ಕೆ ಬೀಳುತ್ತದೆ. ಮುಂದೆ 6 ಒತ್ತಿದರೆ 65 ಆಗಿಬಿಡುತ್ತದೆ.

ಕೊನೆಗೆ ಸರಿಹೋದದ್ದು ಹೀಗೆ: ಅಕ್ಷರ ಎಣಿಸಬಾರದು, ಅಂಕಿ ಎಣಿಸಬೇಕು. ಬರೆಯುವ ಮುಂಚೆ ಕರ್ಸರ್‌ನ ಎಡಕ್ಕೆ ಎಷ್ಟು ಅಂಕಿಗಳಿವೆ ನೋಡಿಕೊಳ್ಳುತ್ತೇನೆ. ಬರೆದಾದ ಮೇಲೆ ಎಡದಿಂದ ಅಷ್ಟೇ ಅಂಕಿ ದಾಟಿ, ಕರ್ಸರ್ ಜಾಗ ಗೊತ್ತುಮಾಡುವ ಆಜ್ಞೆಯಾದ ಸೆಟ್‌ಸೆಲೆಕ್ಷನ್‌ರೇಂಜ್‌ನಿಂದ ಕರ್ಸರ್ ಅಲ್ಲಿ ಇಡುತ್ತೇನೆ. ಬ್ಯಾಕ್‌ಸ್ಪೇಸ್‌ಗೂ ಒಂದು ಏರ್ಪಾಡು ಬೇಕಾಯಿತು. ಸ್ಪೇಸ್ ಅಳಿಸಿದರೆ ಕೋಡ್ ಅದನ್ನು ಮತ್ತೆ ತಂದಿಡುತ್ತಿತ್ತು, ಎಷ್ಟು ಒತ್ತಿದರೂ ಏನೂ ಅಳಿಯುತ್ತಿರಲಿಲ್ಲ. ಈಗ ಅಳಿದದ್ದು ಬರೀ ಸ್ಪೇಸ್ ಆಗಿದ್ದರೆ ಅದರ ಹಿಂದಿನ ಅಂಕಿಯನ್ನೂ ತೆಗೆಯುತ್ತೇನೆ. ಖಾನೆಯ ಟೈಪ್ 'ನಂಬರ್' ಇಡಬೇಡಿ. ಅದರಲ್ಲಿ ಸ್ಪೇಸ್ ನಿಲ್ಲುವುದಿಲ್ಲ, ಕರ್ಸರ್ ಕೂರಿಸಲೂ ಆಗುವುದಿಲ್ಲ. 'ಟೆಕ್ಸ್ಟ್' ಇಟ್ಟು, ಯಾವ ಕೀಬೋರ್ಡ್ ಬೇಕೆಂದು ಹೇಳುವ ಇನ್‌ಪುಟ್‌ಮೋಡ್ 'ನ್ಯೂಮರಿಕ್' ಎಂದರೆ ಮೊಬೈಲಿನಲ್ಲಿ ಅಂಕಿಯ ಕೀಬೋರ್ಡೇ ತೆರೆಯುತ್ತದೆ.

ಸಾಲದ ಮೊತ್ತದ ಖಾನೆಯಲ್ಲಿ ಇನ್ನೂ ಅಪಾಯದ ತಪ್ಪಿತ್ತು. ಯಾರೋ ಬೇರೆ ಕಡೆಯಿಂದ ₹1,23,456.00 ಎಂದು ಪೇಸ್ಟ್ ಮಾಡಿದರು. ಅಂಕಿಯಲ್ಲದ್ದನ್ನೆಲ್ಲ ತೆಗೆಯುವ ಕೋಡ್ ಚುಕ್ಕಿಯನ್ನೂ ತೆಗೆಯಿತು. ಒಂದು ಲಕ್ಷ ಚಿಲ್ಲರೆ ಒಂದು ಕೋಟಿ ಇಪ್ಪತ್ತಮೂರು ಲಕ್ಷ ಚಿಲ್ಲರೆಯಾಯಿತು, ನೂರು ಪಟ್ಟು. ಪುಣ್ಯಕ್ಕೆ ಕಾರ್ಯದರ್ಶಿಯವರ ಕಣ್ಣಿಗೆ ಬಿತ್ತು. ಈಗ ಈ ಖಾನೆಯಲ್ಲಿ ಟೈಪ್ ಮಾಡುವಾಗ ಕೈ ಹಾಕುವುದೇ ಇಲ್ಲ. ಖಾನೆ ಬಿಟ್ಟು ಹೊರಗೆ ಬಂದ ಮೇಲೆ ಲಕ್ಷ, ಸಾವಿರದ ಕಾಮಾ ಹಾಕುತ್ತೇನೆ. ಕೆಳಗೆ ಅದೇ ಮೊತ್ತವನ್ನು ಚೆಕ್ಕಿನಲ್ಲಿ ಬರೆದ ಹಾಗೆ ಅಕ್ಷರದಲ್ಲಿ ತೋರಿಸುತ್ತೇನೆ. ಕಾಮಾಕ್ಕಿಂತ ಜಾಸ್ತಿ ತಪ್ಪು ಹಿಡಿದುಕೊಟ್ಟದ್ದು ಆ ಸಾಲೇ.

ಕನ್ನಡ ಕೀಬೋರ್ಡ್ ಇಟ್ಟುಕೊಂಡವರು ೧೨೩ ಎಂದು ಒತ್ತಿದರೆ ಖಾನೆ ಸುಮ್ನೆ ಖಾಲಿ ಇರುತ್ತಿತ್ತು. ವೆಬ್ ಪುಟದ ಕೋಡ್ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಅಂಕಿ ಗುರುತಿಸುವ ಮಾದರಿ 0ರಿಂದ 9 ಮಾತ್ರ ಹಿಡಿಯುತ್ತದೆ. ಕನ್ನಡ ಅಂಕಿಯನ್ನು ಮೊದಲೇ ಬದಲಾಯಿಸಿಕೊಂಡರೆ ಆಯಿತು, ಒಂದೇ ಸಾಲಿನ ಕೆಲಸ. ಕನ್ನಡದ ಫಾರ್ಮ್ ಮಾಡುವವರು ಇದನ್ನು ಮರೆಯಬಾರದು.

ಹೆಸರಿನ ಖಾನೆಯಲ್ಲಿ ಮಾತ್ರ ನಾನು ಪೂರ್ತಿ ಸೋತೆ, ಸೋತದ್ದೇ ಸರಿಯಾಯಿತು. 'ಅಕ್ಷರ ಮಾತ್ರ ಇರಲಿ' ಎಂದು, ಎಲ್ಲ ಭಾಷೆಗಳ ಲಿಪಿಗೆ ಸಂಕೇತ ಕೊಡುವ ಪಟ್ಟಿಯಾದ ಯೂನಿಕೋಡ್‌ನ ಅಕ್ಷರ ವರ್ಗದ ನಿಯಮ ಹಾಕಿದ್ದೆ. ಸರೋಜಮ್ಮ ಎಂದು ಬರೆದರೆ ಸರಜಮಮ ಎಂದು ಬಂತು! ಕನ್ನಡದ ಸ್ವರಚಿಹ್ನೆ, ವಿರಾಮ (ಒತ್ತಕ್ಷರ ಕಟ್ಟುವ ಚಿಹ್ನೆ) ಆ ವರ್ಗದಲ್ಲಿ ಇಲ್ಲ, ಅವು ಚಿಹ್ನೆಗಳ ವರ್ಗಕ್ಕೆ ಸೇರುತ್ತವೆ. ಅದನ್ನೂ ಸೇರಿಸಿದೆ. ಆಮೇಲೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಯಿತು. ಜ್ ಮತ್ತು ಕು ಒತ್ತಕ್ಷರವಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ನನ್ನ ನಿಯಮ ಅದನ್ನು ನುಂಗಿತ್ತು. ಜೊತೆಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಬೋರ್ಡ್‌ಗಳಲ್ಲಿ ಪದ ಇನ್ನೂ ಕಟ್ಟಿಕೊಳ್ಳುತ್ತಿರುವಾಗಲೇ ನಾನು ಖಾನೆ ತಿದ್ದಿದರೆ ಅಕ್ಷರಗಳು ಎರಡೆರಡು ಸಲ ಬೀಳುತ್ತಿದ್ದವು.

ಎಲ್ಲ ನಿಯಮ ತೆಗೆದುಹಾಕಿದೆ. ಈಗ ಅರ್ಜಿ ಸಲ್ಲಿಸುವಾಗ ಹೆಸರಿನ ಹಿಂದೆ ಮುಂದೆ ಇರುವ ಸ್ಪೇಸ್ ಮಾತ್ರ ತೆಗೆಯುತ್ತೇನೆ. ಸರೋಜಮ್ಮ ಸರೋಜಮ್ಮನಾಗಿಯೇ ಉಳಿಯುತ್ತಾರೆ.