ಗಡ್ಡೆಯಂಚಿನ ಕೊಬ್ಬನ್ನು ನಾನು ನೋಡಲು ಕಲಿತ ಬಗೆ

ಸೂಕ್ಷ್ಮದರ್ಶಕದ ಕೆಳಗೆ ಕೊಬ್ಬು ಖಾಲಿಯಾಗಿ ಕಾಣುತ್ತದೆ. ಅಂಗಾಂಶವನ್ನು ಮೇಣದ ಬ್ಲಾಕ್ ಮಾಡುವ ಮುನ್ನ ಬಳಸುವ ಆಲ್ಕೋಹಾಲು ಮತ್ತು ಕ್ಸೈಲೀನ್ ಕೋಶದೊಳಗಿನ ಜಿಡ್ಡನ್ನೆಲ್ಲ ಕರಗಿಸಿಬಿಡುವುದರಿಂದ, ತೆಳ್ಳನೆಯ ಗೋಡೆ ಮತ್ತು ಒಂದು ಬದಿಗೆ ಒತ್ತಿಹೋದ ಚಪ್ಪಟೆ ಕೋಶಕೇಂದ್ರ ಮಾತ್ರ ಉಳಿಯುತ್ತವೆ. ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ಪೆಥಾಲಜಿ ವೃತ್ತಿಯ ಮೊದಲ ಹತ್ತು ವರ್ಷ, ಸ್ತನದ ಗಡ್ಡೆಯ ಸ್ಲೈಡ್ ನೋಡುವಾಗಲೆಲ್ಲ ನಾನು ಈ ಖಾಲಿ ಜಾಗವನ್ನು ದಾಟಿಕೊಂಡೇ ಹೋಗುತ್ತಿದ್ದೆ. ಗಡ್ಡೆಯ ಗಾತ್ರ, ದರ್ಜೆ, ಕಂಕುಳಿನ ದುಗ್ಧಗ್ರಂಥಿ, ಹಾರ್ಮೋನು ಗ್ರಾಹಕ (ಕೋಶ ಹಾರ್ಮೋನಿಗೆ ಸ್ಪಂದಿಸಲು ನೆರವಾಗುವ ಪ್ರೋಟೀನು) ಇವಕ್ಕೆಲ್ಲ ವರದಿಯಲ್ಲಿ ಜಾಗವಿತ್ತು; ಸುತ್ತಲಿನ ಕೊಬ್ಬಿಗೆ ಇರಲಿಲ್ಲ. ಈಗಲೂ ಇಲ್ಲ. ಎರಡು ಸೆಂಟಿಮೀಟರಿನ ಗಡ್ಡೆ ಸ್ತನದೊಳಗಿನ ಕೊಬ್ಬಿಗೆ ನುಗ್ಗಿರಲಿ, ನುಗ್ಗದಿರಲಿ, ಕ್ಯಾನ್ಸರಿನ ಹಂತ ನಿರ್ಧರಿಸುವ ಟಿಎನ್ಎಂ ಪದ್ಧತಿಯಲ್ಲಿ ಅದು ಟಿ1, ಅಂದರೆ ಚಿಕ್ಕ ಗಾತ್ರದ ಗಡ್ಡೆ ಎಂದೇ ದಾಖಲಾಗುತ್ತದೆ.

ನನ್ನ ಕಣ್ಣು ಆ ಕಡೆಗೆ ಹೊರಳಿದ್ದು ಜಪಾನಿನ ಯಾಮಾಗುಚಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ ಮೇಲೆ. ಹಾಲಿನ ನಾಳಮೂಲದ ಕ್ಯಾನ್ಸರಿನಲ್ಲಿ, ಗಡ್ಡೆಯ ಅಂಚಿನ 20ಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳು ನಡುವೆ ನಾರಿನ ಪದರವಿಲ್ಲದೆ ನೇರವಾಗಿ ಕೊಬ್ಬಿಗೆ ತಾಗಿದ್ದರೆ ಅದನ್ನು ಕೊಬ್ಬಿನ ಆಕ್ರಮಣವೆಂದು ಅವರು ಗುರುತಿಸಿದ್ದರು. ಅಂಥವರಲ್ಲಿ ದುಗ್ಧಗ್ರಂಥಿಗೆ ರೋಗ ಹಬ್ಬುವುದೂ ಅದು ಮರುಕಳಿಸುವುದೂ ಹೆಚ್ಚಾಗಿತ್ತು. ವಿಶೇಷ ಸ್ಟೇನ್ (ಬಣ್ಣ) ಬೇಡ, ಯಂತ್ರ ಬೇಡ, ದಿನವೂ ಕೈಗೆ ಬರುವ ಸ್ಲೈಡೇ ಸಾಕು ಎಂಬುದು ನನಗೆ ಹಿಡಿಸಿತು. ಅಷ್ಟು ಸುಲಭವಿರಲಿಲ್ಲ.

ಮೊದಲ ತೊಂದರೆ ಕತ್ತರಿಸುವ ಮೇಜಿನ ಮೇಲೆಯೇ ಎದುರಾಯಿತು. ಗಡ್ಡೆಯ ಗಟ್ಟಿ ನಡುಭಾಗದಿಂದ ಬ್ಲಾಕ್ ತೆಗೆಯುವುದು ನನ್ನ ಅಭ್ಯಾಸವಾಗಿತ್ತು, ಅಂಚಿನಿಂದ ತೆಗೆದಾಗ ಅದರ ಕೊಬ್ಬು ಸರಿಯಾಗಿ ಹದವಾಗದೆ, ಕೊಯ್ದ ತೆಳು ಪದರವನ್ನು ಹರಡಲು ಬಿಡುವ ನೀರಿನ ತೊಟ್ಟಿಯಲ್ಲಿ ತೇಲಿ ಹರಿದುಹೋಗುತ್ತಿತ್ತು. ಅಂಗಾಂಶ ಕೆಡದಂತೆ ಹದಮಾಡುವ ಫಾರ್ಮಲಿನ್ ದ್ರಾವಣ ಕೊಬ್ಬಿನೊಳಕ್ಕೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಸ್ತನದ ಭಾಗ ಬಂದ ದಿನವೇ ಅದನ್ನು 5 ಮಿಲಿಮೀಟರಿನ ಹೋಳುಗಳಾಗಿ ಸೀಳಿ ಫಾರ್ಮಲಿನ್‌ನಲ್ಲಿ ಇಡುವುದು, ಬ್ಲಾಕ್‌ಗೆ ತೆಗೆಯುವ ತುಂಡು 3 ಮಿಲಿಮೀಟರನ್ನು ಮೀರದಂತೆ ನೋಡಿಕೊಳ್ಳುವುದು, ಕೊಯ್ಯುವ ಮುನ್ನ ಬ್ಲಾಕನ್ನು ಐಸಿನ ಮೇಲೆ ಚೆನ್ನಾಗಿ ತಣಿಸುವುದು ಎಂಬ ಕ್ರಮವನ್ನು ರೂಢಿಸಿಕೊಂಡೆವು. ಇದರ ಯಶಸ್ಸಿನಲ್ಲಿ ನನಗಿಂತ ನಮ್ಮ ಟೆಕ್ನಿಷಿಯನ್ನರ ಕೈಗುಣದ ಪಾಲೇ ದೊಡ್ಡದು.

ಎರಡನೆಯ ತಪ್ಪು ಪೂರ್ತಿ ನನ್ನದು. ಸತ್ತ ಕೊಬ್ಬಿನ ಕೋಶವೊಂದನ್ನು ಮ್ಯಾಕ್ರೋಫೇಜ್‌ಗಳು (ಕಸ ನುಂಗುವ ರಕ್ಷಣಾ ಕೋಶಗಳು) ಬಳೆಯಂತೆ ಸುತ್ತುವರಿದ ರಚನೆಯನ್ನು ಕಿರೀಟ ಎನ್ನುತ್ತಾರೆ. ಬೊಜ್ಜಿರುವ ಮಹಿಳೆಯರ ಸ್ತನದಲ್ಲಿ ಈ ಕಿರೀಟಗಳೂ ಈಸ್ಟ್ರೋಜನ್ ತಯಾರಿಸುವ ಅರೋಮಟೇಸ್ ಕಿಣ್ವವೂ ಹೆಚ್ಚಿರುವುದನ್ನು 2011ರಲ್ಲಿ ನ್ಯೂಯಾರ್ಕಿನ ಸಂಶೋಧಕರು ತೋರಿಸಿದ್ದರು. ನಾನೂ ಮ್ಯಾಕ್ರೋಫೇಜ್‌ಗಳನ್ನು ಎತ್ತಿ ತೋರಿಸುವ ಸಿಡಿ68 ಸ್ಟೇನ್ ಹಾಕಿಸಿ ಎಣಿಸತೊಡಗಿದೆ. ಹೆಚ್ಚುಕಡಿಮೆ ಪ್ರತಿ ಗಡ್ಡೆಯ ಪಕ್ಕದಲ್ಲೂ ಕಿರೀಟಗಳು ಸಿಕ್ಕಾಗ ಹಿಗ್ಗಿದೆ. ಕೆಲವು ತಿಂಗಳ ನಂತರ ಅದೇ ಸ್ಲೈಡುಗಳನ್ನು ಮತ್ತೆ ನೋಡುವಾಗ, ಆ ಜಾಗದಲ್ಲಿ ಹಳೆಯ ರಕ್ತದ ಕಂದು ಕಣಗಳೂ ದೈತ್ಯಕೋಶಗಳೂ ಇರುವುದು ಕಣ್ಣಿಗೆ ಬಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿದ ಸೂಜಿ ಬಯಾಪ್ಸಿಯ ಗಾಯದಲ್ಲಿ ಸತ್ತ ಕೊಬ್ಬನ್ನೇ ನಾನು ಬೊಜ್ಜಿನ ಉರಿಯೂತವೆಂದು ಎಣಿಸಿದ್ದೆ. ಆ ಲೆಕ್ಕವನ್ನು ಅಲ್ಲಿಗೇ ಕೈಬಿಟ್ಟೆ. ಈಗ ಸೂಜಿಯ ಜಾಡಿನಿಂದ ದೂರದ ಕೊಬ್ಬಿನಿಂದ ಬೇರೆಯೇ ಬ್ಲಾಕ್ ತೆಗೆದು, ಕಿರೀಟಗಳನ್ನು ಅದರಲ್ಲಿ ಮಾತ್ರ ಹುಡುಕುತ್ತೇನೆ. ತೆಳ್ಳಗಿನ ಮೈಕಟ್ಟಿನವರಲ್ಲೂ ಅವು ಒಮ್ಮೊಮ್ಮೆ ಸಿಗುತ್ತವೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 25ಕ್ಕಿಂತ ಕಡಿಮೆಯಿದ್ದ 72 ಮಹಿಳೆಯರನ್ನು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ ಶೇಕಡ 39 ಮಂದಿಯ ಸ್ತನದಲ್ಲಿ ಕಿರೀಟಗಳಿದ್ದವು. ತೂಕ ನೋಡಿ ಕೊಬ್ಬಿನ ಸ್ಥಿತಿಯನ್ನು ಊಹಿಸುವುದನ್ನು ನಾನು ಬಿಟ್ಟದ್ದು ಅದಕ್ಕೇ.

ಅಂಚನ್ನು ನೋಡುವಾಗಲೂ ಕೆಲವು ಎಚ್ಚರಗಳು ಬೇಕು. ಬ್ಲೇಡು ಎಳೆದುಕೊಂಡು ಬಂದ ಕ್ಯಾನ್ಸರ್ ಕೋಶಗಳು ಕೊಬ್ಬಿನ ಖಾಲಿ ಜಾಗದಲ್ಲಿ ಸುಮ್ಮನೆ ತೇಲುತ್ತಿರುತ್ತವೆ, ಅವನ್ನು ಎಣಿಸಬಾರದು. ಸ್ತನದ ಇನ್ನೊಂದು ಬಗೆಯಾದ ಲೋಬ್ಯುಲರ್ ಕ್ಯಾನ್ಸರ್ ಸ್ವಭಾವತಃ ಒಂದೊಂದೇ ಕೋಶದ ಸಾಲಾಗಿ ಕೊಬ್ಬಿನ ಸಂದಿಗಳಲ್ಲಿ ನುಸುಳುವುದರಿಂದ ಅಲ್ಲಿ ಈ ಎಣಿಕೆಗೆ ಅರ್ಥವಿಲ್ಲವೆಂದು ನನ್ನ ಅಭಿಪ್ರಾಯ. ಇನ್ನು ಗ್ರಂಥಿಗಳೇ ದಟ್ಟವಾಗಿರುವ ಎಳೆಯ ವಯಸ್ಸಿನವರ ಸ್ತನದಲ್ಲಿ ಅಂಚಿಗೆ ತಾಗಲು ಕೊಬ್ಬೇ ಇರುವುದಿಲ್ಲ. ಅಲ್ಲಿ ಆಕ್ರಮಣ ಕಾಣಲಿಲ್ಲವೆಂದು ನೆಮ್ಮದಿಪಡುವುದು ತಪ್ಪಾಗುತ್ತದೆ.

ನಿಜವಾದ ಸ್ಪರ್ಶವಿರುವ ಕಡೆ ಕಾಣುವ ನೋಟ ಮಾತ್ರ ಮರೆಯುವಂಥದ್ದಲ್ಲ. ದೂರದಲ್ಲಿ ದುಂಡಗೆ ತುಂಬಿಕೊಂಡಿದ್ದ ಕೊಬ್ಬಿನ ಕೋಶಗಳು ಗಡ್ಡೆಯ ಹತ್ತಿರ ಬಂದಂತೆ ಕುಗ್ಗುತ್ತ ಹೋಗಿ, ಕೊನೆಗೆ ನಾರಿನ ಕೋಶಗಳ ನಡುವೆ ಗುರುತೇ ಸಿಗದಂತೆ ಬೆರೆತುಹೋಗುತ್ತವೆ. ಫ್ರಾನ್ಸಿನ ಟುಲೂಸ್‌ನ ತಂಡ 2011ರಲ್ಲಿ ಕೊಬ್ಬಿನ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಒಟ್ಟಿಗೆ ಬೆಳೆಸಿ ನೋಡಿದಾಗಲೂ ಹೀಗೆಯೇ ಆಗಿತ್ತು: ಕೊಬ್ಬಿನ ಕೋಶಗಳು ಜಿಡ್ಡು ಕಳೆದುಕೊಂಡು ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ಸಂಕೇತಗಳನ್ನು ಹೊರಸೂಸಿದ್ದವು, ಕ್ಯಾನ್ಸರ್ ಕೋಶಗಳ ನುಗ್ಗುವ ಶಕ್ತಿ ಹೆಚ್ಚಿತ್ತು.

ಒಮ್ಮೆ ಇದನ್ನು ನಮ್ಮ ಶಸ್ತ್ರಚಿಕಿತ್ಸಕರಿಗೆ ಉತ್ಸಾಹದಿಂದ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಸರಿ ಮೇಡಂ, ಇದನ್ನು ನೋಡಿ ನಾನು ಚಿಕಿತ್ಸೆಯಲ್ಲಿ ಏನು ಬದಲಿಸಬೇಕು, ಹೇಳಿ" ಎಂದರು. ಏನೂ ಇಲ್ಲವೆಂದೇ ಉತ್ತರಿಸಬೇಕಾಯಿತು. ಅಂಚಿನಲ್ಲಿ ಕೊಬ್ಬಿನ ಆಕ್ರಮಣವಿರುವ ಗಡ್ಡೆಗಳಲ್ಲಿ ದುಗ್ಧಗ್ರಂಥಿಗಳಿಗೂ ರೋಗ ತಗುಲಿರುವುದು ಹೆಚ್ಚಾದ್ದರಿಂದ, ಮುಂದಿನ ಕೆಡುಕಿನಲ್ಲಿ ಕೊಬ್ಬಿನ ಪಾಲೆಷ್ಟು, ಗ್ರಂಥಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಋತುಬಂಧದ ನಂತರ ಹಾರ್ಮೋನು ಗ್ರಾಹಕವಿರುವ ಕ್ಯಾನ್ಸರ್ ಬಂದವರಿಗೆ ಕೊಡುವ ಲೆಟ್ರೊಜೋಲ್ ಮಾತ್ರೆ ಅರೋಮಟೇಸನ್ನು ಹೇಗೂ ತಡೆಯುತ್ತದೆ, ಕಿರೀಟಗಳಿದ್ದರೂ ಇಲ್ಲದಿದ್ದರೂ.

ಕೊಬ್ಬು ವರದಿಯಲ್ಲಿ ಕಡ್ಡಾಯವಾಗಿ ಸೇರುವ ಜಾಗ ಕಂಕುಳು. ಅಲ್ಲಿನ ದುಗ್ಧಗ್ರಂಥಿಯ ಕವಚ ಒಡೆದು ಕ್ಯಾನ್ಸರ್ ಸುತ್ತಲಿನ ಕೊಬ್ಬಿಗೆ ಹರಡಿದ್ದರೆ, ಅದು 2 ಮಿಲಿಮೀಟರನ್ನು ಮೀರಿದೆಯೇ ಎಂದು ಅಳೆದು ಬರೆಯುತ್ತೇವೆ. ಸ್ತನದ ಗಡ್ಡೆಯ ಅಂಚಿನದ್ದನ್ನು ಮಾತ್ರ ವರದಿಯ ಕೊನೆಯಲ್ಲಿ ಟಿಪ್ಪಣಿಯಾಗಿ ಒಂದು ಸಾಲು ಬರೆದು, ಆ ಬ್ಲಾಕಿನ ಸಂಖ್ಯೆಯನ್ನು ನನ್ನ ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಗುರುತು ಹಾಕಿಡುತ್ತೇನೆ.